ಹೊಸಿಲು ದಾಟದ ಬಂದೂಕ

ಕಡ್ಲೆಕಾಯಿ ಹೊಲದ ಮಗ್ಗುಲಿಗೇ ಗುಡ್ಡ ಇದ್ದರೆ ಆ ಮನೆಯವರಿಗೆ ನಿದ್ದೆ ಎಲ್ಲಿಂದ ಬರಬೇಕು? ಕಾಯಿ ಬಲಿಯೋ ಹೊತ್ತಿಗೆ ಸರಿಯಾಗಿ ಹಂದಿ ಹಿಂಡು ಇಳಿಯುತ್ತೆ. ಅವು ಹೋದವಪ್ಪ ಅನ್ನೋಷ್ಟರಲ್ಲಿ ಕರಡಿ. ಮಧುಗಿರಿ, ಪಾವಗಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಹಿಂದೆ ಬೆಳೆ ಕಾಯೋಕೆ ಅಂತ ಊರಿಗೊಬ್ಬರೋ ಇಬ್ಬರೋ ಲೈಸೆನ್ಸ್ ಮಾಡಿಸಿ ಬಂದೂಕ ಇಟ್ಟುಕೊಂಡರು. ಇಟ್ಟುಕೊಂಡವರಿಗೆ ಈಗ ವಯಸ್ಸಾಗಿದೆ. ಒಬ್ಬರಿಗೆ ಕಣ್ಣು ಮಂಜು, ಇನ್ನೊಬ್ಬರಿಗೆ ಮಂಡಿ ಏಳಲ್ಲ. ಬಂದೂಕಕ್ಕೆ ಮಾತ್ರ ಏನೂ ಆಗಿಲ್ಲ, ಮೂಲೆಯಲ್ಲಿ ನಿಂತಿದೆ. ಅದನ್ನೇನು ಮಾಡೋದು ಅಂತ ಕೇಳಿ ನೋಡಿ, ಮನೆಯಲ್ಲಿ ನಾಲ್ಕು ಜನ ಇದ್ದರೆ ಐದು ಉತ್ತರ ಬರುತ್ತೆ.

ಕರಿಬಂಡೇನಹಳ್ಳಿಯ ಚಿಕ್ಕಕ್ಕನ ಮನೆಯಲ್ಲೂ ಹಾಗೇ ಆಯಿತು.

ಚಿಕ್ಕಕ್ಕನ ಗಂಡ ಜುಂಜಪ್ಪ. ಎಪ್ಪತ್ತನಾಲ್ಕು ವರ್ಷ. ಸುತ್ತಲ ಹಳ್ಳಿಯವರೆಲ್ಲ 'ಬಂದೂಕದ ಜುಂಜಪ್ಪ' ಅಂತಲೇ ಕರೆಯೋರು. ಮೂವತ್ತಾರು ವರ್ಷದ ಹಿಂದೆ ಲೈಸೆನ್ಸ್ ಮಾಡಿಸಿದ ಒಂಟಿ ನಳಿಗೆಯ ಬಂದೂಕ ಅವನದು. ನಳಿಗೆಯ ಬಾಯಿಂದ ಮದ್ದು ಸುರಿದು, ಉದ್ದನೆಯ ಕಬ್ಬಿಣದ ಸರಳಿನಲ್ಲಿ ಗಿಡಿದು, ಹಿಂದೆ ಒಂದು ಪುಟ್ಟ ಕೇಪು ಇಟ್ಟು ಸಿಡಿಸೋ ಹಳೇ ಕಾಲದ್ದು. ಆ ಸರಳಿಗೆ ಗಜ ಅಂತಾರೆ. ಹೊಲದ ಅಟ್ಟಣೆಯಲ್ಲಿ ಕಾವಲು ಮುಗಿಸಿ ಬೆಳಿಗ್ಗೆ ಮನೆಗೆ ಬಂದರೆ ಜುಂಜಪ್ಪನದು ಒಂದೇ ಪದ್ಧತಿ. ಮದ್ದನ್ನು ಹೊಲದಲ್ಲೇ ಸಿಡಿಸಿ ಖಾಲಿ ಮಾಡಿಕೊಂಡೇ ಬರೋನು. ಅಷ್ಟಾದರೂ ಒಳಗೆ ಕಾಲಿಡೋ ಮುಂಚೆ ಗಜವನ್ನು ನಳಿಗೆಯೊಳಕ್ಕೆ ಬಿಡೋನು. ಅದು ತಳಕ್ಕೆ ಬಿದ್ದು 'ಠಣ್' ಅಂದರೆ ಖಾಲಿ ಅಂತ ಅರ್ಥ. ಆ ಠಣ್ ಕಿವಿಗೆ ಬಿದ್ದ ಮೇಲೇ ಚಿಕ್ಕಕ್ಕ ಒಲೆ ಮೇಲೆ ಕಾಫಿಗೆ ನೀರಿಡೋಳು. ಮೂವತ್ತು ವರ್ಷಕ್ಕೂ ಮೇಲೆ ಅವಳಿಗೆ ಬೆಳಗಾದದ್ದೇ ಹಾಗೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಠಣ್ ಕೇಳಲಿಲ್ಲ. ಹೋಗಿ ನೋಡಿದರೆ ಜುಂಜಪ್ಪ ಅಟ್ಟಣೆಯಲ್ಲೇ ಬಿದ್ದಿದ್ದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೇ ಹೋದವು. ಅವತ್ತು ಸೊಸೆ ಮಂಜುಳಾಳ ಅಣ್ಣ ಪೆದ್ದಣ್ಣ ಪಾವಗಡದ ಕಡೆಯಿಂದ ಊರಿಗೆ ಬಂದಿದ್ದದ್ದು ಪುಣ್ಯ. ತನ್ನ ಗಾಡಿಯಲ್ಲಿ ಮಲಗಿಸಿಕೊಂಡು ತುಮಕೂರಿನ ಆಸ್ಪತ್ರೆಗೆ ಹಾರಿಸಿಕೊಂಡು ಹೋದ. ಜೀವ ಉಳಿಯಿತು. ಆ ಗಡಿಬಿಡಿಯಲ್ಲಿ ಬಂದೂಕವನ್ನು ಯಾರೋ ಅಟ್ಟಣೆಯಿಂದ ಇಳಿಸಿ ತಂದರು. ಮಗ ಭೀಮರಾಜು ಅದಕ್ಕೊಂದು ಕಂಬಳಿ ಸುತ್ತಿ ಮರದ ಪೆಟ್ಟಿಗೆಯ ಹಿಂದೆ ನಿಲ್ಲಿಸಿದ. ವರ್ಷಕ್ಕೊಂದು ಆಯುಧಪೂಜೆ ದಿನ ಕಂಬಳಿಯ ಮೇಲೇ ಒಂದು ಹೂವು, ಒಂದು ಕುಂಕುಮದ ಬೊಟ್ಟು.

ಜುಂಜಪ್ಪ ಮಂಚ ಹಿಡಿದ. ಹೊಸಿಲಾಚೆ ಹೋಗಿಲ್ಲ. ಬಾಯಲ್ಲಿ ಬರೋದು ಊ ಊ ಅನ್ನೋ ಸದ್ದೊಂದೇ. ಐದು ವರ್ಷದ ಮೊಮ್ಮಗಳು ಶರಣ್ಯಾ ಆ ಪೆಟ್ಟಿಗೆ ಹತ್ತಿರ ಆಡೋಕೆ ಹೋದರಂತೂ ಎಡಗೈಯಲ್ಲಿ ಮಂಚ ಬಡಿಯೋನು. "ಕಾಯಿಲೆ ಬಂದ್ಮೇಲೆ ಅಪ್ಪಂಗೆ ಕೋಪ ಜಾಸ್ತಿಯಾಗೈತೆ" ಅಂತ ಎಲ್ಲರೂ ಅಂದುಕೊಂಡರು. ಚಿಕ್ಕಕ್ಕನೂ ಹಾಗೇ ಅಂದುಕೊಂಡಳು.

ಒಂದು ಶನಿವಾರ ಮಧ್ಯಾಹ್ನ ಭೀಮರಾಜು ಪೇಟೆಯಿಂದ ಬಾಂಡ್ ಪೇಪರ್ ತಂದ. ಅಲ್ಲೇ ಬರೆಸಿಕೊಂಡೂ ಬಂದಿದ್ದ. 'ನನ್ನ ಬಂದೂಕವನ್ನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ಪಾವಗಡ ತಾಲ್ಲೂಕಿನ ಪೆದ್ದಣ್ಣನವರಿಗೆ ಬಿಟ್ಟುಕೊಟ್ಟಿರುತ್ತೇನೆ.' ಕೆಳಗೆ ಇಬ್ಬರು ಸಾಕ್ಷಿಗಳ ರುಜು. ಜುಂಜಪ್ಪನ ಹೆಬ್ಬೆಟ್ಟು ಒಂದು ಬಾಕಿ.

ಭೀಮರಾಜು ಮಂಚದ ಅಂಚಿಗೆ ಕೂತು ಅಪ್ಪನ ಎಡಗೈ ಹಿಡಿದ. ಜುಂಜಪ್ಪ ಕೈ ಹಿಂದಕ್ಕೆ ಎಳೆದುಕೊಂಡ.

"ಸುಮ್ಕಿರಪ್ಪೋ, ಒಂದ್ನಿಮಿಷ."

ಹೆಬ್ಬೆಟ್ಟನ್ನು ಇಂಕಿನ ಪ್ಯಾಡಿಗೆ ಅದ್ದಿ, ಕಾಗದಕ್ಕೆ ಒತ್ತಿ, ಒರೆಸಿಯೂ ಬಿಟ್ಟ. ಸ್ವಸಂತೋಷ ಅಂದರೆ ಹೀಗೆ ನೋಡಿ!

ಬಾಗಿಲಲ್ಲಿ ನಿಂತಿದ್ದ ಚಿಕ್ಕಕ್ಕ ಒಳಗೆ ಬಂದಳು. "ಏನ್ಲಾ ಅದು?"

"ಬಂದೂಕ ಭಾವಂಗೆ ಕೊಡ್ತಿದೀನಿ ಕಣವ್ವ. ನಾಳೆ ಬಂದು ತಗೊಂಡೋಯ್ತಾನೆ. ಅವರ ಕಡ್ಲೆಕಾಯಿ ಹೊಲಾನ ಹಂದಿ ಉತ್ತಾಕ್ಬುಟ್ಟವಂತೆ. ನಮ್ ಹೊಲಕ್ಕೆ ಬೇಲಿ ಆಯ್ತು, ಇದ್ಯಾಕೆ ಇನ್ನ? ಅಪ್ಪನ ಕೈಲಿ ಆಯ್ತದಾ?"

"ಅಂಗೆಲ್ಲ ಕೊಡ್ಬೌದೇನ್ಲಾ? ಅದಕ್ಕೆ ಲೈಸೆನ್ಸು ಐತಲ್ಲ."

"ಲೈಸೆನ್ಸ್ ಪುಸ್ತಕಾನೂ ಜೊತೇಲೇ ಕೊಡ್ತೀನಲ್ಲ! ಗಾಡಿ ಕೊಟ್ರೆ ಆರ್‌ಸಿ ಬುಕ್ಕೂ ಕೊಡಲ್ವಾ, ಇದೂ ಅಂಗೇ. ಅಲ್ಲಾ ಕಣವ್ವ, ಅವತ್ತು ಭಾವ ಇಲ್ದಿದ್ರೆ ಅಪ್ಪ ಉಳೀತಿದ್ನಾ? ಬಾಯ್ಬಿಟ್ಟು ಕೇಳವ್ನೆ. ಇಲ್ಲ ಅಂತ ಯಾವ ಮುಖದಾಗೆ ಅನ್ಲಿ?"

ಪೆದ್ದಣ್ಣನ ಋಣ ಚಿಕ್ಕಕ್ಕನಿಗೂ ಇತ್ತು. ಆದರೆ ಮಗ ಎಲ್ಲೋ ತಪ್ಪು ಹೆಜ್ಜೆ ಇಡ್ತಿದಾನೆ ಅಂತ ಒಳಗೊಳಗೇ ಏನೋ ಕುಟುಕುತ್ತಲೇ ಇತ್ತು. ಅವಳು ಓದಿದವಳಲ್ಲ. ಓದಿದವರು ಎಲ್ಲಿದ್ದಾರೆ ಅನ್ನೋದು ಮಾತ್ರ ಗೊತ್ತಿತ್ತು. ಸೀದಾ ಹಿಂದಿನ ಬೀದಿಗೆ, ಅಶ್ವತ್ಥಮ್ಮನ ಮನೆಗೆ ನಡೆದಳು.

ಅಶ್ವತ್ಥಮ್ಮ ಮೂವತ್ತು ವರ್ಷ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತೆಯಾಗಿದ್ದು ರಿಟೈರ್ ಆದವಳು. ಈಗ ಹಿತ್ತಿಲಲ್ಲಿ ಕನಕಾಂಬರ ಬೆಳೆಯುತ್ತಾಳೆ. ಬಾಯಿ ಸ್ವಲ್ಪ ಜೋರು. ವಿಷಯ ಕೇಳಿದ್ದೇ ಕಟ್ಟುತ್ತಿದ್ದ ಹೂವನ್ನು ಹಾಗೇ ಬುಟ್ಟಿಗೆ ಹಾಕಿ ಎದ್ದಳು.

"ನಡಿ ಚಿಕ್ಕಕ್ಕ. ನಿನ್ ಮಗನ ಬುದ್ಧಿ ಎಲ್ಲಿ ಮೇಯೋಕೆ ಹೋಗೈತೋ ನೋಡನ."

ಭೀಮರಾಜು ಬಾಂಡ್ ಪೇಪರನ್ನು ಹೆಮ್ಮೆಯಿಂದಲೇ ತೋರಿಸಿದ. ಅಶ್ವತ್ಥಮ್ಮ ಕನ್ನಡಕ ಏರಿಸಿ ಓದಿದಳು. ಆಮೇಲೆ ಲೈಸೆನ್ಸ್ ಪುಸ್ತಕ ತರಿಸಿಕೊಂಡು ಅದನ್ನೂ ಓದಿದಳು.

"ಲೇ ಭೀಮರಾಜು, ಇದು ಹೊಲ ಅಲ್ಲ, ಎಮ್ಮೆ ಅಲ್ಲ, ಬಾಂಡ್ ಪೇಪರಲ್ಲಿ ಬರ್ಕೊಟ್ಟು ಕೈ ತೊಳ್ಕೊಳೋಕೆ. ಬಂದೂಕದ ಲೈಸೆನ್ಸು ಮನುಷ್ಯಂಗೆ ಕೊಟ್ಟಿರೋದು. ಇದ್ರಾಗೆ ಯಾರ್ ಫೋಟೋ ಐತೆ?"

"ಅಪ್ಪಂದು."

"ಅಂದ್ರೆ ನಿಮ್ಮಪ್ಪ ಬಿಟ್ಟು ಬೇರೆ ಯಾರ ಕೈಲಿದ್ರೂ ಅದು ಲೈಸೆನ್ಸ್ ಇಲ್ಲದ ಬಂದೂಕ. ಪೆದ್ದಣ್ಣನ ಹತ್ರ ಲೈಸೆನ್ಸ್ ಐತಾ?"

"ಇಲ್ಲ. ಆದ್ರೆ ನೆಂಟ್ರಲ್ವಾ, ದುಡ್ಡು ಗಿಡ್ಡು ಏನೂ ತಗೊಂಡಿಲ್ಲ..."

"ನೀನು ಪುಕ್ಸಟ್ಟೆ ಕೊಡು, ಹೂವಿನ ಹಾರ ಹಾಕಿ ಕೊಡು, ಕೊಟ್ಟಂಗೇ ಲೆಕ್ಕ. ಲೈಸೆನ್ಸ್ ಇಲ್ಲದೋರಿಗೆ ಬಂದೂಕ ದಾಟಿಸಿದ್ರೆ ಕೊಟ್ಟೋನ ಮೇಲೂ ಕೇಸು, ತಗೊಂಡೋನ ಮೇಲೂ ಕೇಸು. ಎರಡು ದಿನದ್ದಲ್ಲಪ್ಪ, ವರ್ಷಗಟ್ಟಲೆ ಜೈಲು. ಇನ್ನು ಪೆದ್ದಣ್ಣ ಅದನ್ನ ಯಾರಿಗಾದ್ರೂ ಕೊಟ್ಟು, ಅವರಿಂದ ಏನಾದ್ರೂ ಅನಾಹುತ ಆದ್ರೆ, ಪೊಲೀಸ್ರು ಪುಸ್ತಕ ನೋಡ್ಕೊಂಡು ಯಾರ ಮನೆಗೆ ಬತ್ತಾರೆ? ಈ ಮಂಚದ ಹತ್ರ."

"ಬಾಂಡ್ ಪೇಪರ್ ಐತಲ್ಲಮ್ಮ, ತೋರಿಸ್ತೀನಿ!"

ಅಶ್ವತ್ಥಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೇ! ಆ ಕಾಗದ ನಿನ್ನ ಕಾಪಾಡಲ್ಲ ಕಣ್ಲಾ. ನಾನೇ ತಪ್ಪು ಮಾಡ್ದೆ ಅಂತ ನೀನೇ ಸಾಕ್ಷಿ ಹಾಕ್ಸಿ ಬರ್ಕೊಟ್ಟಂಗೆ ಅದು."

ಭೀಮರಾಜುವಿನ ಮುಖ ಕೆಂಪಾಯಿತು. ಹೆಂಗಸರಿಬ್ಬರ ಮುಂದೆ ಮಂಕ ಅನ್ನಿಸಿಕೊಂಡರೆ ಯಾರು ತಾನೇ ಸಹಿಸ್ತಾರೆ? "ಶಿರಾ ಕಡೆ, ಕೊರಟಗೆರೆ ಕಡೆ ಎಷ್ಟು ಜನ ಇಂಗೇ ಕೊಟ್ಕೊಂಡವ್ರೆ, ಯಾರಿಗೇನಾಗೈತೆ? ಮಾತು ಕೊಟ್ಬುಟ್ಟಿದೀನಿ. ನಾಳೆ ಹನ್ನೊಂದಕ್ಕೆ ಭಾವ ಬತ್ತಾನೆ, ತಗೊಂಡೋಯ್ತಾನೆ. ನೀವು ನಿಮ್ ಕನಕಾಂಬರ ನೋಡ್ಕಳಿ."

ಅಶ್ವತ್ಥಮ್ಮ ಹೊಸಿಲ ಹತ್ತಿರ ನಿಂತು ಚಿಕ್ಕಕ್ಕನ ಕಡೆ ತಿರುಗಿದಳು. "ಏನಾದ್ರೂ ಮಾಡಿ ಅದು ಈ ಹೊಸಿಲು ದಾಟದಂಗೆ ನೋಡ್ಕೊ. ದಾಟೋವರೆಗೂ ದಾರಿ ಐತೆ, ದಾಟಿದ ಮೇಲೆ ನನ್ ಕೈಲೂ ಏನೂ ಆಗಲ್ಲ. ಬೇಕಾದ್ರೆ ಕೂಗು, ಬತ್ತೀನಿ."

ಮಾರನೆ ದಿನ ಬೆಳಿಗ್ಗೆಯಿಂದ ಚಿಕ್ಕಕ್ಕನಿಗೆ ಕೈಕಾಲು ಆಡಲಿಲ್ಲ. ಮುದ್ದೆ ತಿರುವಿದರೆ ಗಂಟು, ಸಾರಿಗೆ ಉಪ್ಪು ಎರಡು ಸಲ ಬಿತ್ತು. ಗಾಡಿ ಸದ್ದು ಕೇಳಿದಾಗಲೆಲ್ಲ ಎದ್ದು ಬಾಗಿಲಿಗೆ ಬರೋಳು. ಪೊಲೀಸರು ಮಗನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗೋದೇ ಕಣ್ಣಿಗೆ ಕಟ್ಟೋದು. ಇರೋನೊಬ್ಬ ಮಗ. ಮಂಚದ ಮೇಲೆ ಗಂಡ. ಇವನೂ ಹೋದರೆ?

ಹನ್ನೊಂದಕ್ಕೆ ಸರಿಯಾಗಿ ಪೆದ್ದಣ್ಣ ಬಂದ. ಒಳ್ಳೇ ಮನುಷ್ಯ, ನಗುಮುಖ. ಮಾವನಿಗೆ ಅಂತ ಹಣ್ಣು, ಮಗುವಿಗೆ ಅಂತ ಮಿಠಾಯಿ ತಂದಿದ್ದ. ಇಂಥವನನ್ನು ಬಾಗಿಲಲ್ಲೇ ತಡೆಯೋದು ಹೇಗೆ ಹೇಳಿ?

"ಏಂಟಿ ಅತ್ತಮ್ಮ, ಮುಖ ಬಾಡೈತೆ? ಬಾಗುನ್ನಾರಾ?" ಚೆನ್ನಾಗಿದೀರಾ ಅಂತ ಕೇಳಿದ್ದು; ಪಾವಗಡದ ಕಡೆಯವನ ಮಾತಲ್ಲಿ ತೆಲುಗು ಬೆರೆತಿರುತ್ತೆ.

"ಪೆದ್ದಣ್ಣ, ಆ ಬಂದೂಕ ಬ್ಯಾಡ ಕಣಪ್ಪ. ಅಶ್ವತ್ಥಮ್ಮ ಹೇಳವ್ಳೆ, ಕೇಸಾಯ್ತದಂತೆ."

"ಅರೆ, ಏಮೀ ಆಗಲ್ಲ ಅತ್ತಮ್ಮ! ಪೇಪರ್ ಐತಲ್ಲ. ಗೋಣಿಚೀಲದಾಗೆ ಸುತ್ತಿ ಗಾಡೀಲಿ ಇಟ್ಕೊಂಡು ಹೋಗ್ಬುಡ್ತೀನಿ, ಯಾರು ನೋಡ್ತಾರೆ?"

ಭೀಮರಾಜು ಆಗಲೇ ಪೆಟ್ಟಿಗೆಯ ಹಿಂದಿನಿಂದ ಬಂದೂಕ ತೆಗೆದು ನಡುಮನೆಗೆ ತಂದಿದ್ದ. ಅದರ ಜೊತೆಗೇ ಗಜ, ಕೇಪು ತುಂಬಿದ ಹಳೇ ತಗಡಿನ ಡಬ್ಬಿ. ಕಂಬಳಿ ಬಿಚ್ಚಿದರೆ ಹೋದ ವರ್ಷದ ಆಯುಧಪೂಜೆಯ ಹೂವು ಒಣಗಿ ಪುಡಿಪುಡಿಯಾಗಿ ಉದುರಿತು.

ಮಂಚದ ಮೇಲಿಂದ ಶುರುವಾಯಿತು. ಊ... ಊ... ದಬ್, ದಬ್, ದಬ್. ಜುಂಜಪ್ಪ ಎಡಗೈ ಮುಷ್ಟಿಯಲ್ಲಿ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದ.

"ನೋಡ್ದಾ ಭಾವ, ಕೊಡೋಕೆ ಅಪ್ಪಂಗೆ ಇಷ್ಟ ಇಲ್ಲ" ಅಂದ ಭೀಮರಾಜು. "ಮೂವತ್ತಾರು ವರ್ಷ ಇಟ್ಕೊಂಡಿದ್ನಲ್ಲ, ಹೊಟ್ಟೆ ಉರೀತೈತೆ."

ಪೆದ್ದಣ್ಣ ಬಂದೂಕವನ್ನು ಎತ್ತಿ ತೂಕ ನೋಡಿದ. ಹೆಗಲಿಗೆ ಆನಿಸಿದ. ನಳಿಗೆ ತೆರೆದ ಬಾಗಿಲ ಕಡೆ ತಿರುಗಿತು. ಬಾಗಿಲ ಹೊಸಿಲ ಮೇಲೆ ಶರಣ್ಯಾ ಮಿಠಾಯಿ ಚೀಪುತ್ತಾ ಕೂತಿದ್ದಳು.

"ಕುದುರೆ ಸರಿಯಾಗಿ ಬೀಳ್ತದಾ ಇಲ್ವಾ ನೋಡ್ಬೇಕು" ಅಂತ ಹಿಂದಿನ ಕೊಕ್ಕೆಯನ್ನು ಹೆಬ್ಬೆಟ್ಟಿನಿಂದ ಎಳೆದ. ಕಿಟ್ ಅಂತ ನಿಂತಿತು. ಅದಕ್ಕೇ ಕುದುರೆ ಅನ್ನೋದು, ಅದು ಬಡಿದರೇ ಕೇಪು ಸಿಡಿಯೋದು. "ಭೀಮರಾಜು, ಒಂದು ಕೇಪು ಕೊಡು. ಖಾಲಿ ಬಂದೂಕ, ಬರೀ ಕೇಪು ಸಿಡಿಸಿ ನೋಡ್ತೀನಿ."

ಭೀಮರಾಜು ಡಬ್ಬಿ ತೆರೆದ.

ಧೊಪ್ ಅಂತ ಸದ್ದಾಯಿತು. ಜುಂಜಪ್ಪ ಮಂಚದಿಂದ ಅರ್ಧ ಜಾರಿ ನೆಲಕ್ಕೆ ತಲೆ ಕೆಳಗಾಗಿ ನೇತಾಡುತ್ತಿದ್ದ. ಎರಡು ವರ್ಷದಿಂದ ಮಗ್ಗುಲು ಬದಲಿಸೋಕೂ ಆಗದಿದ್ದ ಮನುಷ್ಯ! ಎಡಗೈ ಮುಂದೆ ಚಾಚಿದ್ದ. ಕಣ್ಣು ಹೊಸಿಲ ಮೇಲಿತ್ತು. ಮಗುವಿನ ಮೇಲಿತ್ತು.

ಚಿಕ್ಕಕ್ಕ ಆ ಕಣ್ಣನ್ನು ನೋಡಿದಳು. ಇದು ಕೋಪ ಅಲ್ಲ. ಹೊಟ್ಟೆಉರಿಯೂ ಅಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಹೆದರಿಕೆ ಯಾವುದು ಅಂತ ಗೊತ್ತಾಗಲ್ವಾ? ಅವಳ ತಲೆಯೊಳಗೆ ಒಂದೇ ಸಲಕ್ಕೆ ಎರಡು ವರ್ಷದ ಹಿಂದಿನ ಬೆಳಗು ಬಂದು ನಿಂತಿತು. ಅವತ್ತು ಠಣ್ ಕೇಳಿರಲಿಲ್ಲ. ಅವತ್ತಿಂದ ಇವತ್ತಿನವರೆಗೂ ಕೇಳಿಲ್ಲ.

"ಏಯ್! ಕೇಪು ಇಡ್ಬ್ಯಾಡ!" ಅವಳು ಕಿರುಚಿದ್ದಕ್ಕೆ ಡಬ್ಬಿ ಭೀಮರಾಜುವಿನ ಕೈಜಾರಿತು, ಕೇಪುಗಳು ನೆಲದ ತುಂಬ ಚೆಲ್ಲಾಡಿದವು. "ಬಾಯಿ ಮೇಲ್ ಮಾಡ್ಲಾ ಪೆದ್ದಣ್ಣ! ಮೇಲ್ ಮಾಡು ಅಂದೆ! ಮಂಜುಳಾ, ಮಗೀನ ಎತ್ಕೊಂಡು ಆಚಿಗೋಗು!"

"ಅತ್ತಮ್ಮ, ಖಾಲಿ ಅಲ್ವಾ..."

"ಗಜ ಬುಡು. ನಿಮ್ ಮಾವ ಒಂದ್ ದಿನಾನೂ ಗಜ ಬುಡ್ದೆ ಒಳಗೆ ತಂದೋನಲ್ಲ. ಬುಡು ಅಂತೀನಿ!"

ಪೆದ್ದಣ್ಣ ಕುದುರೆಯನ್ನು ಮೆಲ್ಲಗೆ ಇಳಿಸಿ, ನಳಿಗೆ ಸೂರಿನ ಕಡೆ ಬರೋ ಹಾಗೆ ಬಂದೂಕವನ್ನು ನೆಲಕ್ಕೂರಿ ಹಿಡಿದ. ಅವನು ಗಜ ತಗೊಳ್ಳೋಷ್ಟರಲ್ಲಿ ಚಿಕ್ಕಕ್ಕನೇ ಅದನ್ನೆತ್ತಿ ನಳಿಗೆಯೊಳಕ್ಕೆ ಜಾರಿಬಿಟ್ಟಳು.

ಠಣ್ ಅನ್ನಲಿಲ್ಲ.

ದೊಪ್ ಅಂತು. ಮೆತ್ತಗೆ, ಮಣ್ಣಿನ ಮೇಲೆ ಬಿದ್ದಂಗೆ. ನಳಿಗೆಯ ಬಾಯಿ ಮಟ್ಟಕ್ಕೆ ಇಳಿಯಬೇಕಾಗಿದ್ದ ಗಜ ನಾಲ್ಕು ಬೆರಳು ಹೊರಗೇ ನಿಂತಿತು.

ಎರಡು ವರ್ಷ. ಎರಡು ಆಯುಧಪೂಜೆ. ಮದ್ದು ಗಿಡಿದ ಬಂದೂಕದ ಪಕ್ಕದಲ್ಲೇ ದೀಪ ಹಚ್ಚಿದ್ದರು. ಅದರ ಪಕ್ಕದಲ್ಲೇ ಮಗು ಆಡಿತ್ತು. ಮಾತು ಬಾರದ ಮುದುಕ ಎರಡು ವರ್ಷ ಮಂಚ ಬಡಿದು ಬಡಿದು ಅದನ್ನೇ ಹೇಳುತ್ತಿದ್ದ. ಕೇಳಿಸಿಕೊಂಡೋರು ಯಾರೂ ಇರಲಿಲ್ಲ.

ಪೆದ್ದಣ್ಣ ಬಂದೂಕವನ್ನು ಗೋಡೆಯ ಕಡೆ ಬಾಯಿ ಮಾಡಿ ಮೆಲ್ಲಗೆ ನೆಲಕ್ಕಿಟ್ಟು, ಅಲ್ಲೇ ಕುಸಿದು ಕೂತ. "ನಾನು... ಆ ಮಗೂನ..." ಅಂದ. ಭೀಮರಾಜು ಅಪ್ಪನನ್ನು ಎತ್ತಿ ಮಂಚಕ್ಕೆ ಮಲಗಿಸಿ, ಆ ಎಡಗೈಯನ್ನು ಹಿಡಿದುಕೊಂಡು ಚಿಕ್ಕ ಮಗುವಿನಂಗೆ ಅತ್ತುಬಿಟ್ಟ.

ಚಿಕ್ಕಕ್ಕ ಕೂಗಿದ್ದಕ್ಕೆ ಅಶ್ವತ್ಥಮ್ಮ ಓಡಿ ಬಂದಳು. ನೋಡಿದ್ದೇ ಎಲ್ಲರನ್ನೂ ಆಚೆ ಕಳಿಸಿದಳು. ಜುಂಜಪ್ಪನನ್ನು ಮಂಚದ ಸಮೇತ ಎತ್ತಿ ಪಕ್ಕದ ಮನೆಯ ಜಗಲಿಗೆ ಸಾಗಿಸಿದರು.

"ಒಲೆ ಆರ್ಸಿ. ಯಾರೂ ಅದನ್ನ ಕೆದಕಬಾರದು, ಕಡ್ಡಿ ಹಾಕಿ ಮದ್ದು ತೆಗೀತೀನಿ ಅಂತ ಹೋಗ್ಬಾರದು. ಬಾಗಿಲಿಗೆ ಬೀಗ ಹಾಕು ಭೀಮರಾಜು. ಹಾಕಿ, ಪೊಲೀಸ್ ಠಾಣೆಗೆ ಫೋನ್ ಮಾಡು."

"ಪೊಲೀಸಾ? ನನ್ನೇ ಎಳ್ಕೊಂಡೋದ್ರೆ?"

"ಬಂದೂಕ ಯಾರ ಮನೇಲೈತೆ?"

"ನಮ್ಮನೇಲಿ."

"ಲೈಸೆನ್ಸ್‌ದಾರ ಯಾರು? ನಿಮ್ಮಪ್ಪ. ಲೈಸೆನ್ಸ್ ಜೀವಂತ ಐತಾ? ನಿನ್ನೆ ನೋಡಿದೀನಿ, ಇನ್ನೂ ಇಪ್ಪತ್ತೆರಡು ದಿನ ಐತೆ. ಹೊಸಿಲು ದಾಟೈತಾ? ಇಲ್ಲ. ಹೆದರೋಕೆ ಏನೈತೆ? ಇದ್ದದ್ದು ಇದ್ದಂಗೆ ಹೇಳು. ಮುಚ್ಚಿಟ್ರೇ ಕಷ್ಟ."

ಭೀಮರಾಜು ನಂಬರ್ ಒತ್ತಿದ. ಚಿಕ್ಕಕ್ಕ ಪಕ್ಕದಲ್ಲಿ ಅವನ ರಟ್ಟೆ ಹಿಡಿದು ನಿಂತಿದ್ದಳು. ಅವನು ಒಂದೂ ಬಿಡದೆ ಹೇಳಿದ, ಬಾಂಡ್ ಪೇಪರಿನ ವಿಷಯವನ್ನೂ.

ಮೂರು ಗಂಟೆಗೆ ಜೀಪು ಬಂತು. ಎಎಸ್ಐ ಬಸವಲಿಂಗಯ್ಯ, ಅವರ ಜೊತೆ ಬಂದೂಕದ ಕೆಲಸ ಕಲಿತ ಒಬ್ಬ ಪೊಲೀಸಿನವರು. ಅವರು ಬಂದೂಕವನ್ನು ಊರಾಚೆ ಕೆರೆ ಅಂಗಳಕ್ಕೆ ಒಯ್ದು, ಜನರನ್ನೆಲ್ಲ ದೂರ ನಿಲ್ಲಿಸಿ, ಒಂದೂವರೆ ಗಂಟೆ ಕೂತು ಮದ್ದು ಬಿಡಿಸಿದರು. ಬಸವಲಿಂಗಯ್ಯ ಚಿಕ್ಕಕ್ಕನ ಮನೆ ಜಗಲಿಯಲ್ಲಿ ಕೂತು ಬಾಂಡ್ ಪೇಪರ್ ಓದಿದರು.

"ನೋಡಪ್ಪ" ಅಂದರು ಭೀಮರಾಜುಗೆ. "ಬಂದೂಕ ಇನ್ನೂ ನಿಮ್ಮ ಮನೇಲೇ ಐತೆ. ನೀನಾಗೇ ಫೋನ್ ಮಾಡಿದೀಯ. ಅದಕ್ಕೇ ನಾನು ನಿಮ್ಮ ಜಗಲೀಲಿ ಕೂತು ಮಾತಾಡ್ತಿದೀನಿ. ಇದು ಪಾವಗಡದ ದಾರೀಲಿ ಗೋಣಿಚೀಲದಾಗೆ ಸಿಕ್ಕಿದ್ರೆ, ನಾವು ಮಾತಾಡೋ ಜಾಗಾನೇ ಬೇರೆ ಇರ್ತಿತ್ತು." ಆಮೇಲೆ ಚಿಕ್ಕಕ್ಕನ ಕಡೆ ತಿರುಗಿದರು. "ಅಮ್ಮ, ಮಗೂನ ಉಳಿಸಿದ್ರಿ, ದೊಡ್ಡದು. ಆದ್ರೆ ಇನ್ನೊಂದ್ಸಲ ನೀವೂ ಗಜ ಬಿಡಬೇಡಿ. ಅನುಮಾನ ಬಂದ ಕೂಡ್ಲೇ ಬೀಗ ಹಾಕಿ ನಮಗೆ ಹೇಳಿ."

"ಈಗ ಮುಂದೇನು ಸಾಮಿ?" ಅಂದಳು ಚಿಕ್ಕಕ್ಕ.

"ದಾರಿ ಐತೆ. ಸದ್ಯಕ್ಕೆ ಬಂದೂಕ ಠಾಣೇಲಿರ್ಲಿ, ರಸೀದಿ ಕೊಡ್ತೀನಿ, ಜೋಪಾನವಾಗಿ ಇಟ್ಕೊಳಿ. ಲೈಸೆನ್ಸ್‌ದಾರರಿಗೆ ಎಪ್ಪತ್ತು ದಾಟಿದ್ರೆ, ಇಲ್ಲ ಬಂದೂಕ ಇಟ್ಕೊಂಡು ಇಪ್ಪತ್ತೈದು ವರ್ಷ ಆಗಿದ್ರೆ, ಅವರು ಬದುಕಿರುವಾಗ್ಲೇ ವಾರಸುದಾರರೊಬ್ಬರ ಹೆಸರು ಸೂಚಿಸಿ ಅವರಿಗೆ ಲೈಸೆನ್ಸ್ ಕೊಡಿ ಅಂತ ಕೇಳಬಹುದು. ನಿಮ್ಮೆಜಮಾನ್ರಿಗೆ ಎರಡೂ ಆಗೈತೆ. ಭೀಮರಾಜು ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕ್ಲಿ. ತಂದೆಯ ಸೂಚನಾ ಪತ್ರ, ಅವರ ಸ್ಥಿತಿ ಬಗ್ಗೆ ಡಾಕ್ಟರ ಸರ್ಟಿಫಿಕೇಟು, ಮನೆಯ ಉಳಿದ ವಾರಸುದಾರರ ಒಪ್ಪಿಗೆ, ಇವನ್ನೆಲ್ಲ ಜೋಡಿಸಿ. ಬಂದೂಕ ಹಿಡಿಯೋ ತರಬೇತಿ ಆಗ್ಬೇಕು, ನಾವು ವಿಚಾರಣೆ ಮಾಡಿ ವರದಿ ಕೊಡಬೇಕು. ಕೊಡೋದು ಬಿಡೋದು ಜಿಲ್ಲಾಧಿಕಾರಿಗಳಿಗೆ ಬಿಟ್ಟಿದ್ದು. ಈ ಲೈಸೆನ್ಸಿನ ನವೀಕರಣಕ್ಕೆ ಎರಡು ತಿಂಗಳು ಮುಂಚೆಯೇ ಅರ್ಜಿ ಹಾಕ್ಬೇಕಿತ್ತು, ತಡ ಮಾಡಿದೀರ. ನಾಳೇನೇ ಹೋಗಿ, ಕಾರಣ ಬರೆದು ಕೊಡಿ."

"ಬಂದೂಕಾನೇ ಬ್ಯಾಡ ಅಂದ್ರೆ?"

"ಬೇಡ ಅಂತ ಬರ್ಕೊಟ್ಟು ಒಪ್ಪಿಸಿಬಿಡಬಹುದು. ಬಲವಂತ ಇಲ್ಲಮ್ಮ."

ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಪೆದ್ದಣ್ಣನಿಗೆ ಅಶ್ವತ್ಥಮ್ಮ ಗದರಿದಳು. "ನೀನ್ಯಾಕಪ್ಪ ಸತ್ತೋನಂಗೆ ಕೂತಿದೀಯ? ಹಂದಿ ಬೆಳೆ ಹಾಳು ಮಾಡಿದ್ರೆ ಫೋಟೋ ತೆಗ್ದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕು. ಬಂದೂಕ ಇದ್ದ ಮಾತ್ರಕ್ಕೆ ಕಾಡುಪ್ರಾಣಿ ಹೊಡೆಯೋಕೂ ಬಿಡಲ್ಲ. ಬೇಕೇಬೇಕು ಅಂದ್ರೆ ನಿನ್ನ ಹೆಸರಿಗೆ ಲೈಸೆನ್ಸ್ ಕೇಳು. ನೆಂಟಸ್ತನಕ್ಕೆ ಬಂದೂಕಾನೇ ಬೇಕೇನು?"

ಪೆದ್ದಣ್ಣ ಕಣ್ಣೊರೆಸಿಕೊಂಡು ನಕ್ಕ. ಭೀಮರಾಜು ಎದ್ದು ಹೋಗಿ ಅವನ ಪಕ್ಕ ಕೂತ.

ಜುಂಜಪ್ಪನ ಮಂಚ ಮನೆಯೊಳಗೆ ವಾಪಸ್ ಬಂದ ಮೇಲೆ ಅಶ್ವತ್ಥಮ್ಮ ಸೂಚನಾ ಪತ್ರ ಬರೆದಳು. ಬರೆದದ್ದನ್ನು ಮಂಚದ ಪಕ್ಕ ಕೂತು ಜೋರಾಗಿ, ಬಿಡಿಸಿ ಬಿಡಿಸಿ ಓದಿದಳು. "ಜುಂಜಪ್ಪಣ್ಣ, ನಿನ್ನ ಬಂದೂಕದ ಲೈಸೆನ್ಸಿಗೆ ಭೀಮರಾಜು ಹೆಸರು ಸೂಚಿಸೋಕೆ ನಿನಗೆ ಒಪ್ಪಿಗೆನಾ? ಇಲ್ಲ ಅಂದ್ರೆ ತಲೆ ಆಡ್ಸು, ಹರಿದಾಕ್ತೀನಿ. ಯಾರೂ ಏನೂ ಅನ್ನಲ್ಲ."

ಭೀಮರಾಜು ಇಂಕಿನ ಪ್ಯಾಡ್ ಹಿಡಿದು ನಿಂತಿದ್ದ. ಈ ಸಲ ಅಪ್ಪನ ಕೈ ಮುಟ್ಟಲಿಲ್ಲ.

ಜುಂಜಪ್ಪ ಮಗನನ್ನು ನೋಡಿದ. ಆಮೇಲೆ ಬಾಗಿಲ ಕಡೆ ನೋಡಿದ. ಕೆರೆ ಅಂಗಳದಿಂದ ಬಂದೂಕ ವಾಪಸ್ ಬಂದಿತ್ತು. ಆ ಪೊಲೀಸಿನವರು ಅದನ್ನು ಮನೆ ಅಂಗಳದಲ್ಲಿ ಆಕಾಶಕ್ಕೆ ಬಾಯಿ ಮಾಡಿ ಹಿಡಿದಿದ್ದರು. ಚಿಕ್ಕಕ್ಕನಿಗೆ ಗಂಡ ಏನು ಕೇಳುತ್ತಿದ್ದಾನೆ ಅಂತ ಈಗ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಸಾಮಿ, ಒಂದ್ಸಲ ಗಜ ಬುಟ್ಟು ತೋರಿಸ್ರಿ. ಅವರಿಗೆ ಕೇಳಿಸ್ಬೇಕು."

ಅವರು ಗಜವನ್ನು ಒಳಕ್ಕೆ ಬಿಟ್ಟರು.

ಠಣ್.

ಜುಂಜಪ್ಪ ಕಣ್ಣು ಮುಚ್ಚಿದ. ಎರಡೂ ಕಡೆ ನೀರಿಳಿಯಿತು. ಆಮೇಲೆ ತಾನಾಗೇ ಎಡಗೈ ಎತ್ತಿ, ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಇಟ್ಟ. ಗಟ್ಟಿಯಾಗಿ ಒತ್ತಿದ. ಗೆರೆ ಗೆರೆಯೂ ಮೂಡಿತು. ಚಿಕ್ಕಕ್ಕ ಸೆರಗಿನಿಂದ ಬೆರಳು ಒರೆಸಿದಳು. ಆಮೇಲೆ ಒಳಗೆ ಹೋಗಿ ಒಲೆ ಹಚ್ಚಿ, ಬಂದವರಿಗೆಲ್ಲ ಕಾಫಿಗೆ ನೀರಿಟ್ಟಳು.

ಫೈಲು ಈಗ ಕಚೇರಿಯಲ್ಲಿದೆ. ಲೈಸೆನ್ಸ್ ಬರಬಹುದು, ಬರದೆಯೂ ಇರಬಹುದು. ಬಂದರೆ ಬೀಗ ಹಾಕೋ ಕಬ್ಬಿಣದ ಪೆಟ್ಟಿಗೆ ಮೊದಲು ಮನೆಗೆ ಬರಬೇಕು ಅಂತ ಚಿಕ್ಕಕ್ಕನ ಕಟ್ಟಪ್ಪಣೆ ಆಗಿದೆ. ಬರದಿದ್ದರೂ ಅವಳಿಗೆ ಚಿಂತೆ ಇಲ್ಲ. ಮಗ ಮನೆಯಲ್ಲಿದ್ದಾನೆ, ಮಗು ಅಂಗಳದಲ್ಲಿ ಆಡುತ್ತಿದೆ.

ಇದನ್ನು ಓದುತ್ತಿರೋ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯ ಮೂಲೆಯಲ್ಲೂ ಒಂದು ಬಂದೂಕ ಕಂಬಳಿ ಸುತ್ತಿಕೊಂಡು ನಿಂತಿದೆಯಾ? ಅದರ ಯಜಮಾನರು ಮಂಚ ಹಿಡಿದಿದ್ದಾರಾ? ಹಾಗಿದ್ದರೆ ಇವತ್ತೇ ಲೈಸೆನ್ಸ್ ಪುಸ್ತಕ ತೆಗೆದು ಎಲ್ಲಿಯವರೆಗೆ ಇದೆ ನೋಡಿ. ನೆಂಟರಿಗೆ, ಗೆಳೆಯರಿಗೆ, ಕೊನೆಗೆ ಸ್ವಂತ ಮಗನಿಗೂ ಬಾಯಿಮಾತಲ್ಲೋ ಬಾಂಡ್ ಪೇಪರಲ್ಲೋ ಕೊಟ್ಟುಬಿಡಬೇಡಿ. ಖಾಲಿ ಇದೆ ಅಂತ ನಂಬಿ ಮುಟ್ಟಬೇಡಿ. ಗೋಣಿಚೀಲದಲ್ಲಿ ಸುತ್ತಿ ನೀವೇ ಹೊತ್ತುಕೊಂಡು ಹೋಗಬೇಡಿ. ಮೊದಲು ನಿಮ್ಮ ಠಾಣೆಗೆ ಫೋನ್ ಮಾಡಿ, ಯಜಮಾನರು ಏಳೋಕಾಗಲ್ಲ ಅಂತ ಹೇಳಿ, ಅವರು ತೋರಿಸಿದ ದಾರಿಯಲ್ಲಿ ಒಪ್ಪಿಸಿ, ರಸೀದಿ ತಗೊಳ್ಳಿ. ಮನೆಯವರಿಗೇ ಲೈಸೆನ್ಸ್ ಬೇಕು ಅಂದರೆ ಯಜಮಾನರು ಇರುವಾಗಲೇ ಅವರ ಕೈಯಿಂದ ಹೆಸರು ಸೂಚಿಸಿ ಅರ್ಜಿ ಹಾಕಿ.

ಇನ್ನೊಂದು ಮಾತು. ಮಂಚದ ಮೇಲಿರೋರು ಊ ಅಂದರೆ ಕೋಪ ಅಂದುಕೊಂಡು ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತು, ಅವರ ಕಣ್ಣು ಎತ್ತ ಹೋಗುತ್ತೆ ಅಂತ ನೋಡಿ.